ಮೈಸೂರಿನ ಯೆಜ್ಡಿಯೂ ಫರೀದಾಬಾದಿನ ರಾಜದೂತವೂ

1964ರಲ್ಲಿ ಅಮೆರಿಕದ ಪಾಂಟಿಯಾಕ್ ಕಂಪೆನಿಯವರು, ಗೃಹಸ್ಥನಾದವನು ಹೆಂಡತಿಮಕ್ಕಳನ್ನು ಕೂರಿಸಿಕೊಂಡು ಅಂಗಡಿಗೋ ಚರ್ಚಿಗೋ ಹೋಗಿಬರಲೆಂದು ಕೊಳ್ಳುತ್ತಿದ್ದ ಮಧ್ಯಮ ಗಾತ್ರದ ಕಾರೊಂದರ ಒಡಲಿನೊಳಕ್ಕೆ, ತಮ್ಮ ದೊಡ್ಡ ಕಾರುಗಳಿಗೆಂದು ನಿರ್ಮಿಸಿದ್ದ 6.4 ಲೀಟರಿನ, ಎಂಟು ಸಿಲಿಂಡರುಗಳ ಮಹಾ ಎಂಜಿನನ್ನು ಇಳಿಸಿ, ಜಿ.ಟಿ.ಓ. ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಿಟ್ಟರು. 325 ಅಶ್ವಶಕ್ತಿಯ ಆ ವಾಹನದ ಬೆನ್ನುಹತ್ತಿ ಫೋರ್ಡ್, ಷೆವರ್ಲೆ, ಡಾಡ್ಜ್ ಮೊದಲಾದವರೂ ಕಣಕ್ಕಿಳಿದುದರಿಂದ ಮಸಲ್ ಕಾರು ಎಂಬ ಹೊಸ ಕುಲವೊಂದು ಆ ದೇಶದಲ್ಲಿ ತಲೆಯೆತ್ತಿ ಹತ್ತು ವರ್ಷ ಮೆರೆಯಿತು. 1970ರ ವಾಯುಶುದ್ಧಿಯ ಶಾಸನ, ಏರುತ್ತ ಹೋದ ವಿಮೆಯ ಕಂತು, 1973ರ ತೈಲದ ಬರ ಇವು ಮೂರೂ ಸೇರಿ ಆ ಕುಲವನ್ನು ಬಹುಮಟ್ಟಿಗೆ ನಿರ್ವಂಶಗೊಳಿಸಿದುವು. ಹಾಗಿದ್ದರೂ ಅಲ್ಲಿಯ ಹವ್ಯಾಸಿಗಳು ಇಂದಿಗೂ ಅಂಥ ಎರಡು ಕಾರುಗಳನ್ನು ಎದುರುಬದುರಾಗಿ ನಿಲ್ಲಿಸಿಕೊಂಡು, ಓಟದಲ್ಲಿ ಯಾವುದು ಮೇಲು, ಸಂಗ್ರಹಕ್ಕೆ ಯಾವುದು ಯೋಗ್ಯ ಎಂದು ದಣಿವರಿಯದೆ ವಾದಿಸುತ್ತಾರಂತೆ.

ಜಿ.ಟಿ.ಓ. ಹುಟ್ಟಿದ ಕಾಲದಲ್ಲಿ ನಮ್ಮ ಅಂಬಾಸಡರಿನ ಎಂಜಿನು 1,489 ಸಿ.ಸಿ.ಯದು, ಅದನ್ನಾದರೂ ಪಡೆಯಬೇಕೆಂದರೆ ಹಣ ಕಟ್ಟಿ ವರುಷಗಟ್ಟಲೆ ಕಾದಿರಬೇಕು. ನಾಲ್ಕು ಚಕ್ರಗಳ ಮೇಲೆ ವೇಗವನ್ನು ಅನುಭವಿಸುವ ಭಾಗ್ಯ ಹೀಗೆ ಸಾಮಾನ್ಯರಿಗೆ ನಿಷಿದ್ಧವಾಗಿದ್ದ ದೇಶದಲ್ಲಿ, ಯೌವನದ ವೇಗದಾಹವೆಲ್ಲ ಎರಡು ಚಕ್ರಗಳ ಕಡೆಗೆ ಹರಿದುದು ಸಹಜವೇ. ಆದುದರಿಂದ ಅಮೆರಿಕದವರು ಕಾರುಗಳ ವಿಷಯದಲ್ಲಿ ನಡೆಸುವ ವಾಗ್ವಾದವನ್ನು ನಾವು ಮೋಟಾರು ಸೈಕಲುಗಳ ವಿಷಯದಲ್ಲಿ ನಡೆಸುತ್ತೇವೆ. ಸಿಕಂದರಾಬಾದಿನ ರಾಣಿಗಂಜಿನಲ್ಲಿ, ಬಿಡಿಭಾಗಗಳ ಅಂಗಡಿಗಳ ಮುಂದೆ ಇರಾನಿ ಚಹಾ ಹೀರುತ್ತ ನಿಂತವರ ಬಾಯಲ್ಲಿ ಈ ವಾದ ಎರಡೇ ಹೆಸರುಗಳಿಗೆ ಬಂದು ನಿಲ್ಲುತ್ತದೆ: ಮೈಸೂರಿನ ಯೆಜ್ಡಿ ರೋಡ್‌ಕಿಂಗ್, ಫರೀದಾಬಾದಿನ ರಾಜದೂತ್ 350. ಬುಲೆಟ್ಟಿನ ಭಕ್ತರು ಮುನಿಯಬಾರದು. ಬುಲೆಟ್ಟಿನ ಉತ್ಪಾದನೆ ಎಂದೂ ನಿಂತುದಿಲ್ಲವಾದ ಕಾರಣ ಅದನ್ನು ಗತಿಸಿದವರ ಸಾಲಿನಲ್ಲಿ ಸೇರಿಸುವುದು ನ್ಯಾಯವಲ್ಲ.

ವಾಹನಸಂಗ್ರಹದ ಮಾತು ಬಂದಾಗ ಹುಸೇನ್ ಸಾಗರದ ಆಚೆಯ ಹೈದರಾಬಾದಿನವರಿಗೆ ನೆನಪಾಗುವುದು ಚೌಮಹಲ್ಲಾ ಅರಮನೆಯಲ್ಲಿರುವ ಹಳದಿ ಬಣ್ಣದ ರೋಲ್ಸ್ ರಾಯ್ಸ್. ಆರನೆಯ ನಿಜಾಮ ಮಹಬೂಬ್ ಅಲಿ ಖಾನರು 1911ರಲ್ಲಿ ಅದಕ್ಕೆ ಬೇಡಿಕೆ ಕಳುಹಿಸಿ, ಅದು ಬಂದು ತಲಪುವ ಮುನ್ನವೇ ತೀರಿಕೊಂಡರು. ಸಿಂಹಾಸನದಂಥ ಪೀಠವುಳ್ಳ ಆ ಕಾರು ಓಡಿದುದಕ್ಕಿಂತ ನಿಂತುದೇ ಹೆಚ್ಚು. ಈಚೆಯ ಸಿಕಂದರಾಬಾದಾದರೋ 1806ರಲ್ಲಿ ಸಿಕಂದರ್ ಜಾಹನ ಹೆಸರು ಹೊತ್ತು ಹುಟ್ಟಿದ ದಂಡುಪ್ರದೇಶ. ಸೈನಿಕರೂ ರೈಲ್ವೆಯವರೂ ಗುಮಾಸ್ತರೂ ವ್ಯಾಪಾರಿಗಳೂ ತುಂಬಿದ ಊರು. ಇಲ್ಲಿಯ ಜನರ ಸಂಗ್ರಹಬುದ್ಧಿ ಸಿಂಹಾಸನಕ್ಕೆ ಏರದೆ, ತಾವು ದಿನವೂ ಏರುತ್ತಿದ್ದ ಅಥವಾ ಏರಬೇಕೆಂದು ಆಸೆಪಟ್ಟಿದ್ದ ಗಾಡಿಯ ಸೀಟಿನಲ್ಲೇ ತೃಪ್ತವಾಯಿತೆಂದರೆ ಅದರಲ್ಲಿ ಆಶ್ಚರ್ಯವೇನು?

ಯೆಜ್ಡಿಯ ವಂಶಾವಳಿಯನ್ನು ಮೊದಲು ನೋಡೋಣ. ಚೆಕೊಸ್ಲೊವಾಕಿಯದಲ್ಲಿ 1929ರಲ್ಲಿ ಮೋಟಾರು ಸೈಕಲುಗಳನ್ನು ಮಾಡತೊಡಗಿದ ಜಾವಾ ಸಂಸ್ಥೆಯಿಂದ ಪರವಾನಗಿ ಪಡೆದು, ರುಸ್ತುಂ ಇರಾನಿ, ಫರೋಖ್ ಇರಾನಿ ಎಂಬ ಪಾರ್ಸಿ ಉದ್ಯಮಿಗಳು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯನ್ನು ಸ್ಥಾಪಿಸಿದರು. ಅಂದು ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ ಪ್ರೋತ್ಸಾಹ ಅದಕ್ಕೆ ದೊರೆಯಿತು. 1961ರಿಂದ ಜಾವಾ ಎಂಬ ಹೆಸರಿನಲ್ಲಿಯೂ, 1970ರ ದಶಕದಿಂದ ಯೆಜ್ಡಿ ಎಂಬ ಹೆಸರಿನಲ್ಲಿಯೂ ಅಲ್ಲಿಂದ ಹೊರಟ ಗಾಡಿಗಳು ದಕ್ಷಿಣ ದೇಶದ ಊರೂರುಗಳಿಗೆ ಹಬ್ಬಿದುವು. 1978ರಲ್ಲಿ ಬಂದ ರೋಡ್‌ಕಿಂಗ್ ಆ ವಂಶದ ಬಲಿಷ್ಠ ಪುತ್ರ. ಒಂದೇ ಸಿಲಿಂಡರು, ಆದರೆ ಹೊಗೆ ಹೋಗಲು ಎರಡು ದ್ವಾರ, ಎರಡು ಉದ್ದನೆಯ ಸೈಲೆನ್ಸರು. ಸುಮಾರು 249 ಸಿ.ಸಿ., 16 ಅಶ್ವಶಕ್ತಿ, ನಾಲ್ಕು ಗೇರು. ಎಡಗಡೆಯ ಒಂದೇ ಸನ್ನೆಯನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರು, ಎಂಜಿನು ಶುರುವಾದ ಮೇಲೆ ಕೆಳಕ್ಕೆ ಇಳಿಸಿಕೊಂಡರೆ ಗೇರು. ಅಷ್ಟೇ ಅಲ್ಲದೆ ಕಾಲಿನಿಂದ ಗೇರನ್ನು ಒತ್ತಿದ ಕ್ಷಣದಲ್ಲೇ ಕ್ಲಚ್ಚು ತಾನಾಗಿ ಬಿಡುವಂತೆ ಮಾಡಿದ ಜಾಣತನ ಬೇರೆ. ಸರಪಣಿಗೆ ಪೂರ್ಣ ಕವಚವಿದ್ದುದರಿಂದ ಧೂಳೂ ಕೆಸರೂ ಅದನ್ನು ಮುಟ್ಟುತ್ತಿರಲಿಲ್ಲ. ಕಿಡಿಯ ಹೊತ್ತು ತಪ್ಪಿದಾಗ ಈ ಎಂಜಿನು ಹಿಂದುಮುಂದಾಗಿ ತಿರುಗಲಾರಂಭಿಸಿ, ಮೊದಲ ಗೇರಿಗೆ ಹಾಕಿದ ಸವಾರನನ್ನು ಹಿಂದಕ್ಕೆ ಒಯ್ಯುವುದುಂಟೆಂಬ ಮಾತನ್ನು ನಂಬದವರು ಹಳೆಯ ಜಾವಾ ಮಾಲೀಕರನ್ನು ಕೇಳಿ ನೋಡಬಹುದು.

ರಾಜದೂತ್ 350 ಜನಿಸಿದುದು ಬೇರೊಂದು ಲೋಕದಲ್ಲಿ. ಯಮಾಹ ಸಂಸ್ಥೆ 1973ರಲ್ಲಿ ಆರ್.ಡಿ. 350 ಎಂಬ ಗಾಡಿಯನ್ನು ಹೊರತಂದಾಗ ಅದರ ಹಿಂದೆ ಪಂದ್ಯಗಳ ಅನುಭವವೆಲ್ಲ ಇದ್ದಿತು. ಮರುವರ್ಷ ಇಟಲಿಯ ಅಗೊಸ್ಟಿನಿ 350 ಸಿ.ಸಿ. ವರ್ಗದ ವಿಶ್ವಪದವಿಯನ್ನು ಗೆದ್ದುದು ಯಮಾಹದ ಎರಡು ಹೊಡೆತದ ಯಂತ್ರದ ಮೇಲೆಯೇ. ಜಪಾನಿನಲ್ಲಿ 39 ಅಶ್ವಶಕ್ತಿ ಪಡೆದಿದ್ದ ಆ ಗಾಡಿ ಎರಡು ಮೂರು ವರ್ಷಗಳಲ್ಲಿ ಉತ್ತರಾಧಿಕಾರಿಗೆ ಸ್ಥಾನ ಬಿಟ್ಟುಕೊಟ್ಟಿತು. ಹೀಗೆ ಹೊರದೇಶಗಳಲ್ಲಿ ಅದು ಹಳತಾಗಿ ಹೋದ ಎಷ್ಟೋ ವರ್ಷಗಳ ಮೇಲೆ, 1983ರಲ್ಲಿ, ಫರೀದಾಬಾದಿನ ಎಸ್ಕಾರ್ಟ್ಸ್ ಸಂಸ್ಥೆ ರಾಜದೂತ್ ಎಂಬ ತನ್ನ ಪರಿಚಿತ ನಾಮಧೇಯವನ್ನಿಟ್ಟು ಅದನ್ನು ಭಾರತದ ರಸ್ತೆಗೆ ಇಳಿಸಿತು. ಅದುವರೆಗೆ ರಾಜದೂತವೆಂದರೆ ಹಾಲಿನ ಕ್ಯಾನುಗಳನ್ನು ನೇತುಹಾಕಿಕೊಂಡು ಹಳ್ಳಿಯಿಂದ ಪೇಟೆಗೆ ಬರುವ 175 ಸಿ.ಸಿ.ಯ ಸಾಧುಪ್ರಾಣಿ, ಆ ಹೆಸರಿನ ಮರೆಯಲ್ಲಿ ಇಂಥ ಉಗ್ರಮೂರ್ತಿಯೊಂದು ಬರುವುದೆಂದು ಯಾರು ಊಹಿಸಿದ್ದರು?

ಇಲ್ಲಿಗೆ ತರುವಾಗ ಪೆಟ್ರೋಲಿನ ಉಳಿತಾಯಕ್ಕಾಗಿ ಅದರ ಶಕ್ತಿಯನ್ನು 30.5ಕ್ಕೆ ತಗ್ಗಿಸಿದರು, ಕೆಲವು ವರ್ಷಗಳ ಮೇಲೆ ಸಿಲಿಂಡರಿನ ದ್ವಾರಗಳನ್ನೂ ಸೈಲೆನ್ಸರನ್ನೂ ಇನ್ನಷ್ಟು ಬಿಗಿಮಾಡಿ 27ಕ್ಕೆ ಇಳಿಸಿದರು. ಮೊದಲನೆಯದು ಎಚ್.ಟಿ., ಎರಡನೆಯದು ಎಲ್.ಟಿ. ಎಂದು ಹವ್ಯಾಸಿಗಳ ಪರಿಭಾಷೆ. ಮುಂದಿನ ಚಕ್ರಕ್ಕಿದ್ದ ಡಿಸ್ಕ್ ಬ್ರೇಕನ್ನು ತೆಗೆದು ಡ್ರಮ್ ಬ್ರೇಕನ್ನು ಹಾಕಿದರು. ಗಂಟೆಗೆ 140 ಕಿಲೋಮೀಟರಿನ ಆಸುಪಾಸಿನಲ್ಲಿ ಓಡಬಲ್ಲ ಗಾಡಿಯಿಂದ ಶಕ್ತಿಯ ನಾಲ್ಕನೆಯ ಒಂದು ಭಾಗವನ್ನೂ ನಿಲ್ಲುವ ಸಾಮರ್ಥ್ಯದ ಬಹುಭಾಗವನ್ನೂ ಒಟ್ಟಿಗೆ ಕಿತ್ತುಕೊಂಡ ಈ ಮಿತವ್ಯಯ ಯಾವ ಪುಣ್ಯಾತ್ಮನ ಬುದ್ಧಿಯೋ ಕಾಣೆ. ಅದರ ಸವಾರರಲ್ಲಿ ಹಲವರ ತಾಯ್ತಂದೆಯರು ಆ ಗಾಡಿಗೆ ಶಾಪ ಹಾಕಿದುದರಲ್ಲಿ ಬ್ರೇಕಿನ ಪಾಲೂ ಇದ್ದೀತು.

ಇನ್ನು ಶಕ್ತಿಯ ವಿಚಾರ. ಎರಡೂ ಎರಡು ಹೊಡೆತದ ಎಂಜಿನುಗಳೇ. ಅಂದರೆ ಬುಲೆಟ್ಟಿನಲ್ಲಿ ಕ್ರ್ಯಾಂಕು ಎರಡು ಸುತ್ತು ತಿರುಗಿದಾಗ ಒಮ್ಮೆ ಆಗುವ ಸ್ಫೋಟ ಇವುಗಳಲ್ಲಿ ಪ್ರತಿ ಸುತ್ತಿಗೂ ಆಗುತ್ತದೆ. ಬುಲೆಟ್ಟಿನ 346 ಸಿ.ಸಿ.ಯಿಂದ ಸುಮಾರು 18 ಅಶ್ವಶಕ್ತಿ ಹೊರಟರೆ, ಅಷ್ಟೇ ಗಾತ್ರದ, 347 ಸಿ.ಸಿ.ಯ ರಾಜದೂತದಿಂದ 30.5 ಹೊರಡುವುದರ ಮುಖ್ಯ ರಹಸ್ಯ ಇದು. ಆದರೆ ಯೆಜ್ಡಿಗೂ ರಾಜದೂತಕ್ಕೂ ನಡುವೆ ಇರುವ ಅಂತರವನ್ನು ತಿಳಿಯಲು ಸಿಲಿಂಡರಿನ ಆಕಾರವನ್ನು ನೋಡಬೇಕು. ಯೆಜ್ಡಿಯ ಪಿಸ್ಟನ್ನು 65 ಮಿ.ಮೀ. ಅಗಲದ ಬೋರಿನಲ್ಲಿ 75 ಮಿ.ಮೀ. ಏರಿಳಿಯುತ್ತದೆ, ರಾಜದೂತದ್ದು 64 ಮಿ.ಮೀ. ಬೋರಿನಲ್ಲಿ 54 ಮಿ.ಮೀ. ಮಾತ್ರ. ಉದ್ದನೆಯ ಹೊಡೆತದ ಯೆಜ್ಡಿ ನಿಧಾನವಾಗಿ ತಿರುಗುತ್ತಲೇ ಬಲವಾಗಿ ಎಳೆಯುತ್ತದೆ. ಗಿಡ್ಡ ಹೊಡೆತದ ರಾಜದೂತ ನಿಮಿಷಕ್ಕೆ 6,750 ಸುತ್ತುಗಳವರೆಗೆ ಏರಿದಾಗಲೇ ತನ್ನ ಪೂರ್ಣಶಕ್ತಿಯನ್ನು ತೋರಿಸುತ್ತದೆ. ಯೆಜ್ಡಿಯಲ್ಲಿ ಪಿಸ್ಟನ್ನೇ ಮೇಲೆ ಕೆಳಗೆ ಆಡುತ್ತ ಪೆಟ್ರೋಲು ಗಾಳಿಗಳ ಮಿಶ್ರಣಕ್ಕೆ ದಾರಿ ತೆರೆದು ಮುಚ್ಚುತ್ತದಾದ ಕಾರಣ, ಒಳಕ್ಕೆ ಬಂದ ಮಿಶ್ರಣ ಒಂದಿಷ್ಟು ಕಾರ್ಬ್ಯುರೇಟರಿನ ಕಡೆಗೇ ಹಿಂದಕ್ಕೆ ಚಿಮ್ಮುವುದುಂಟು. ಯಮಾಹದವರು ಆ ದಾರಿಯಲ್ಲಿ, ಕಮ್ಮಾರನ ತಿದಿಯ ಬಾಯಲ್ಲಿರುವ ತೊಗಲಿನ ಕದದಂತೆ, ಒಳಮುಖವಾಗಿ ಮಾತ್ರ ತೆರೆಯುವ ತೆಳ್ಳನೆಯ ಉಕ್ಕಿನ ರೀಡ್ ಕವಾಟಗಳನ್ನು ಕೂರಿಸಿ ಆ ನಷ್ಟವನ್ನು ತಡೆದರು. ಇದರ ಜೊತೆಗೆ ಆರು ಗೇರು, ಎರಡು ಕಾರ್ಬ್ಯುರೇಟರು, ಆಯಿಲಿಗೆ ಪ್ರತ್ಯೇಕ ತೊಟ್ಟಿ ಮತ್ತು ಬೇಕಾದಷ್ಟನ್ನೇ ಅಳೆದುಕೊಡುವ ಪಂಪು. ಯೆಜ್ಡಿಯವನಾದರೋ ಪೆಟ್ರೋಲ್ ಬಂಕಿನಲ್ಲಿ ಲೀಟರಿಗೆ ಮೂವತ್ತು ನಲವತ್ತು ಮಿ.ಲೀ. ಟೂ-ಟಿ ಆಯಿಲನ್ನು ಟ್ಯಾಂಕಿಗೆ ತಾನೇ ಸುರಿದು, ಗಾಡಿಯನ್ನು ಅತ್ತಿತ್ತ ಅಲ್ಲಾಡಿಸಿ ಹೊರಡಬೇಕು.

ಒಂದು ಲೆಕ್ಕವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಜಿ.ಟಿ.ಓ.ದ 325 ಅಶ್ವಶಕ್ತಿಯನ್ನು ಅದರ ಎಂಜಿನಿನ ಗಾತ್ರದಿಂದ ಭಾಗಿಸಿದರೆ ಲೀಟರಿಗೆ ಸುಮಾರು 51 ಬರುತ್ತದೆ. ರೋಡ್‌ಕಿಂಗಿಗೆ ಸುಮಾರು 64, ಎಚ್.ಟಿ. ರಾಜದೂತಕ್ಕೆ ಸುಮಾರು 88. ನಾಲ್ಕು ಹೊಡೆತದ ಯಂತ್ರವನ್ನು ಎರಡು ಹೊಡೆತದ ಯಂತ್ರದೊಡನೆ ತೂಗುವುದು ಪೂರ್ಣ ನ್ಯಾಯವಲ್ಲವೆಂಬುದನ್ನು ಒಪ್ಪುತ್ತೇನೆ. ಆದರೂ ಯಾದವಗಿರಿಯ ಕಾರ್ಮಿಕರು ಕೂಡಿಸಿದ ಎಂಜಿನು, ಗಾತ್ರಕ್ಕೆ ಗಾತ್ರವಾಗಿ, ಅಮೆರಿಕದ ಆ ಮಲ್ಲನಿಗಿಂತ ಮುಂದಿದ್ದಿತೆಂಬ ಸಂಗತಿಯಿಂದ ಮೈಸೂರು ಸೀಮೆಯವರಿಗೆ ಒಂದಿಷ್ಟು ಸಂತೋಷವಾದರೆ ತಪ್ಪೇನು?

ಕಾಗದದ ಮೇಲಿನ ಶಕ್ತಿ ಬೇರೆ, ರಸ್ತೆಯ ಮೇಲಿನ ಉಪಯೋಗ ಬೇರೆ. ಸಿಕಂದರಾಬಾದಿನ ಜುಬಿಲಿ ಬಸ್ ನಿಲ್ದಾಣವನ್ನು ದಾಟಿ ಕರೀಂನಗರದ ಕಡೆಗೆ ಹೋಗುವ ರಾಜೀವ್ ರಹದಾರಿಯಲ್ಲಿ, ಊರ ಗದ್ದಲ ಹಿಂದೆ ಸರಿದ ಮೇಲೆ, ರಾಜದೂತದ ಸೂಚಿ ಐದು ಸಾವಿರ ಸುತ್ತುಗಳನ್ನು ಮೀರಿದಾಗ ಆ ಗಾಡಿಯ ಸ್ವರವೇ ಬದಲಾಗಿ, ಕೈಗಳನ್ನು ಹಿಡಿಯಿಂದ ಕಿತ್ತುಕೊಳ್ಳುವಂತೆ ಅದು ಮುನ್ನುಗ್ಗುವ ಆ ಕೆಲವು ಕ್ಷಣಗಳಿಗೆ ಸಮಾನವಾದುದನ್ನು ಯೆಜ್ಡಿ ಕೊಡಲಾರದು. 110ರಿಂದ 120ರ ಆಸುಪಾಸಿನಲ್ಲಿ ಅದರ ಉಸಿರು ಮುಗಿಯುತ್ತದೆ. ಆದರೆ ರಾಣಿಗಂಜಿನಿಂದ ಹೊರಟು ಟ್ಯಾಂಕ್ ಬಂಡಿನ ಮೇಲೆ ಹಾದು ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರಕ್ಕೆ ಸಂಜೆಯ ಭಾಷಣವೊಂದನ್ನು ಕೇಳಲು ಹೋಗುವ ಕನ್ನಡಿಗನ ಪಾಡೇ ಬೇರೆ. ಹೆಜ್ಜೆಹೆಜ್ಜೆಗೆ ನಿಲ್ಲಿಸಿ ಹೊರಡಿಸಬೇಕಾದ ಆ ದಾರಿಯಲ್ಲಿ, ಮೂರನೆಯ ಗೇರಿನಲ್ಲೇ ತೆವಳಿ ಮೂರನೆಯ ಗೇರಿನಲ್ಲೇ ಓಡಬಲ್ಲ ಯೆಜ್ಡಿ ಸವಾರನಿಗೆ ಆಯಾಸವನ್ನು ಕೊಡದು. ರಾಜದೂತವೋ ಕೆಳಗಿನ ಸುತ್ತುಗಳಲ್ಲಿ ಮುಗ್ಗರಿಸುತ್ತ, ಹೊಗೆಯುಗುಳುತ್ತ, ಪ್ಲಗ್ಗಿಗೆ ಮಸಿ ಹಿಡಿಸಿಕೊಂಡು ಲಿಬರ್ಟಿ ವೃತ್ತ ಸೇರುವ ಮುನ್ನವೇ ಮುನಿಸಿಕೊಂಡೀತು. ಓಟದಲ್ಲಿ ರಾಜದೂತವೇ ಮೇಲೆಂಬುದರಲ್ಲಿ ಸಂದೇಹವಿಲ್ಲ. ಮದರಾಸಿನ ಬಳಿಯ ಶೋಲಾವರದಲ್ಲಿ, ಮಹಾಯುದ್ಧದ ಕಾಲದ ವಿಮಾನದ ಹಾದಿಯಲ್ಲಿ ನಡೆಯುತ್ತಿದ್ದ ಪಂದ್ಯಗಳಿಗೆ ಆ ಗಾಡಿ ಎಷ್ಟು ಒಪ್ಪುತ್ತಿತ್ತೆಂಬುದನ್ನು ಕಂಡವರು ಬಲ್ಲರು. ಊರಿನಲ್ಲಿ ಬಾಳುವುದಕ್ಕೆ ನನ್ನ ಮತ ಯೆಜ್ಡಿಗೆ.

ಹಾಗಾದರೆ ಇಂದು ಹಳೆಯ ಗಾಡಿಗಳ ಪೇಟೆಯಲ್ಲಿ ಒಳ್ಳೆಯ ಸ್ಥಿತಿಯ ರಾಜದೂತಕ್ಕೆ ಯೆಜ್ಡಿಗಿಂತ ಎಷ್ಟೋ ಹೆಚ್ಚು ಬೆಲೆ ಬರುವುದು ಅದರ ಓಟದ ದೆಸೆಯಿಂದಲೇ ಎಂದು ಓದುಗರು ಭಾವಿಸಬಹುದು. ನನಗೆ ಹಾಗೆ ತೋರುವುದಿಲ್ಲ. ರಾಜದೂತದ ಬೆಲೆ ಏರಿರುವುದು ಅದು ಮಾರುಕಟ್ಟೆಯಲ್ಲಿ ಸೋತುದರಿಂದ. 1983ರಲ್ಲಿ ಅದರ ಬೆಲೆ ಸುಮಾರು 18,000 ರೂಪಾಯಿ. ತಿಂಗಳಿಗೆ ಸಾವಿರ ರೂಪಾಯಿ ಸಂಬಳವಿದ್ದವನನ್ನು ಅನುಕೂಲಸ್ಥನೆಂದು ಕರೆಯುತ್ತಿದ್ದ ಕಾಲ ಅದು. ಕೊಂಡವನಿಗೆ ಲೀಟರಿಗೆ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರಿಗಿಂತ ಹೆಚ್ಚು ದೊರೆಯದು. ಬಿಡಿಭಾಗಗಳು ತುಟ್ಟಿ, ಎರಡು ಕಾರ್ಬ್ಯುರೇಟರುಗಳನ್ನು ಒಂದೇ ಶ್ರುತಿಗೆ ತರಬಲ್ಲ ಮೆಕ್ಯಾನಿಕರು ಊರಿಗೊಬ್ಬರೂ ಇರಲಿಲ್ಲ. ಅಷ್ಟರಲ್ಲಿ ಜಪಾನಿನವರ ಸಹಯೋಗದಿಂದ 100 ಸಿ.ಸಿ.ಯ ಹಗುರ ಗಾಡಿಗಳು ಸಾಲುಗಟ್ಟಿ ಬಂದುವು. 1985ರ ಹೀರೋ ಹೋಂಡಾ ಲೀಟರಿಗೆ ಎಂಬತ್ತು ಕಿಲೋಮೀಟರಿನ ಮಾತನ್ನಾಡಿತು. ಅದೇ ವರ್ಷ ಎಸ್ಕಾರ್ಟ್ಸಿನವರೇ ಯಮಾಹ ಆರ್.ಎಕ್ಸ್. 100ನ್ನು ತಂದು ತಮ್ಮ ಮನೆಯ ಹಿರಿಯ ಮಗನ ಮೇಲೆ ಕಿರಿಯನನ್ನು ಎತ್ತಿಕಟ್ಟಿದರು. ದಶಕ ಮುಗಿಯುವ ಹೊತ್ತಿಗೆ ರಾಜದೂತ್ 350ರ ಕಥೆ ಮುಗಿದಿತ್ತು. ಉಳಿದ ಗಾಡಿಗಳಲ್ಲಿ ಎಷ್ಟೋ ಗುಜರಿಗೆ ಸೇರಿದುವು.

ಅಂದು ಆ ಗಾಡಿಯನ್ನು ಕೊಳ್ಳಲಾಗದೆ, ಕಾಲೇಜಿನ ಗೇಟಿನ ಬಳಿ ಸಿರಿವಂತರ ಮಗನೊಬ್ಬ ಅದನ್ನು ತಂದು ನಿಲ್ಲಿಸಿದಾಗ ಸುತ್ತ ನಿಂತು ನೋಡಿದ ಹುಡುಗರಿಗೆ ಈಗ ಅರುವತ್ತರ ಹತ್ತಿರ ಹತ್ತಿರ ವಯಸ್ಸು. ಮನೆಯ ಸಾಲ ತೀರಿದೆ, ಮಕ್ಕಳು ಕೆಲಸಕ್ಕೆ ಸೇರಿದ್ದಾರೆ, ಕೈಯಲ್ಲಿ ಹಣವಿದೆ. ಇವರೇ ಇಂದಿನ ಕ್ರಯದಾರರು. ಇವರು ಕೊಡುವ ಲಕ್ಷಗಳಲ್ಲಿ ಲೋಹಕ್ಕೆ ಸಲ್ಲುವುದು ಅಲ್ಪ. ಮಿಕ್ಕುದೆಲ್ಲ ನಲವತ್ತು ವರ್ಷ ಬಡ್ಡಿ ಬೆಳೆದ ಆಸೆಗೆ ಸಲ್ಲುತ್ತದೆ. ಯೆಜ್ಡಿಯ ವಿಷಯದಲ್ಲಿ ಇಂಥ ಅತೃಪ್ತಿ ಉಳಿದಿರಲಿಲ್ಲ. ಅದನ್ನು ಬೇಕೆಂದವರು ಬಹುಮಟ್ಟಿಗೆ ಕೊಂಡೇ ಇದ್ದರು. ಅಪ್ಪನ ಗಾಡಿಯೆಂದೋ ಮಾವನ ಗಾಡಿಯೆಂದೋ ಮನೆಯ ಹಿತ್ತಿಲಲ್ಲಿ ತಾಡಪತ್ರಿ ಹೊದ್ದು ಅದು ನಿಂತೇ ಇದ್ದಿತು. 1996ರಲ್ಲಿ, ಬೇಡಿಕೆ ಕುಸಿದು, ಹೊಗೆಯ ನಿಯಮಗಳೂ ಬಿಗಿಯಾಗುತ್ತಿದ್ದ ಕಾಲಕ್ಕೆ, ಮೈಸೂರಿನ ಕಾರ್ಖಾನೆಯ ಬಾಗಿಲು ಮುಚ್ಚಿತಾದರೂ ಬಿಡಿಭಾಗಗಳ ಕೊರತೆ ಅಷ್ಟಾಗಿ ತಟ್ಟಲಿಲ್ಲ. ಹದಿನೆಂಟು ವರ್ಷ ನಿರಂತರವಾಗಿ ತಯಾರಾದ ಮಾದರಿಯ ಪಿಸ್ಟನ್ನು, ರಿಂಗು, ಪಾಯಿಂಟ್ ಸೆಟ್ಟುಗಳು ರಾಣಿಗಂಜಿನಲ್ಲಿ ಹುಡುಕಿದರೆ ಸಿಗದಿರುವುದಿಲ್ಲ. ಇನ್ನೊಂದು ಸಂಗತಿಯೂ ಯೆಜ್ಡಿಗೆ ಒದಗಿ ಬಂದಿದೆ: ಮಹೀಂದ್ರ ಬಳಗದ ಕ್ಲಾಸಿಕ್ ಲೆಜೆಂಡ್ಸ್ ಸಂಸ್ಥೆ 2018ರಲ್ಲಿ ಜಾವಾ ಹೆಸರನ್ನೂ 2022ರಲ್ಲಿ ಯೆಜ್ಡಿ ಹೆಸರನ್ನೂ ಹೊಸ ನಾಲ್ಕು ಹೊಡೆತದ ಗಾಡಿಗಳ ಮೇಲೆ ಮತ್ತೆ ತಂದುದರಿಂದ, ಮೂಲ ಗಾಡಿಯನ್ನು ಕಂಡರಿಯದ ಹುಡುಗರಿಗೂ ಅದರ ಕುಲಗೋತ್ರ ತಿಳಿಯಿತು. ಜುಲೈ ತಿಂಗಳ ಎರಡನೆಯ ಭಾನುವಾರ ಊರೂರುಗಳಲ್ಲಿ ಜಾವಾ ಯೆಜ್ಡಿ ಮಾಲೀಕರು ಸೇರಿ ನಡೆಸುವ ಮೆರವಣಿಗೆಯ ಸಂಭ್ರಮವೂ ಇದೆ. ರಾಜದೂತಕ್ಕೆ ಇಂಥ ವಾರಸುದಾರರಾರೂ ಇಲ್ಲ.

ಸಂಗ್ರಹಿಸಹೊರಟವನು ಅಶ್ವಶಕ್ತಿಯನ್ನು ಮರೆತು ಕಾಗದಪತ್ರಗಳನ್ನು ನೋಡತಕ್ಕದ್ದು. ಆರ್.ಸಿ. ಪುಸ್ತಕದಲ್ಲಿರುವ ಎಂಜಿನಿನ ಸಂಖ್ಯೆಯೂ ಚಾಸಿಯ ಸಂಖ್ಯೆಯೂ ಗಾಡಿಯ ಮೇಲಿನ ಮುದ್ರೆಯೊಡನೆ ಹೊಂದಬೇಕು. ಅಂಕೆಗಳನ್ನು ಅರದಿಂದ ತೀಡಿ ಮತ್ತೆ ಹೊಡೆದಿದ್ದರೆ, ಬಣ್ಣವೂ ಕ್ರೋಮಿನ ಹೊಳಪೂ ಎಷ್ಟೇ ಕಣ್ಣು ಕುಕ್ಕಿದರೂ, ಅಂಥ ಗಾಡಿಯನ್ನು ಮುಟ್ಟಬಾರದು. ರಾಜದೂತದಲ್ಲಿ ಈ ಅಪಾಯ ಇಮ್ಮಡಿ. ಜಪಾನಿನ ಭಾಗಗಳು ಹೆಚ್ಚಾಗಿದ್ದ ಎಚ್.ಟಿ.ಗೆ ಬೆಲೆ ಹೆಚ್ಚಾದ ಕಾರಣ, ಎಲ್.ಟಿ. ಗಾಡಿಯ ಸಿಲಿಂಡರಿನ ದ್ವಾರಗಳನ್ನು ಕೊರೆಸಿ, ಸೈಲೆನ್ಸರನ್ನು ಬದಲಿಸಿ, ಎಚ್.ಟಿ. ಎಂದು ಹೇಳಿ ಮಾರುವವರಿದ್ದಾರೆ. ಸಿಲಿಂಡರನ್ನು ಬಿಚ್ಚಿ ನೋಡಬಲ್ಲ ಉಸ್ತಾದನೊಬ್ಬನನ್ನು ಜೊತೆಗೆ ಕರೆದೊಯ್ಯದೆ ಮುಂಗಡ ಕೊಡುವುದು ಅವಿವೇಕ. ಯೆಜ್ಡಿಯಲ್ಲಿ ವಂಚನೆ ಕಡಿಮೆ, ಅಜ್ಞಾನ ಹೆಚ್ಚು. ಮೂಲದ ಸೈಲೆನ್ಸರು ಟ್ಯಾಂಕುಗಳನ್ನು ಕಿತ್ತೆಸೆದು ಬುಲೆಟ್ಟಿನ ವೇಷ ತೊಡಿಸಿದ ಗಾಡಿಗಳನ್ನು ಕಂಡಾಗ ಮರುಕವಾಗುತ್ತದೆ.

ಕೊಂಡ ಮೇಲೆ ಇಂಧನದ ಚಿಂತೆ. ಈಗ ಬಂಕುಗಳಲ್ಲಿ ದೊರೆಯುವುದು ಶೇಕಡ 20ರಷ್ಟು ಎಥನಾಲು ಬೆರೆತ ಪೆಟ್ರೋಲು. ಎಥನಾಲು ಗಾಳಿಯ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು. ಹಳೆಯ ಕಾಲದ ರಬ್ಬರು ಸೀಲುಗಳಿಗೂ ನಳಿಕೆಗಳಿಗೂ ಅದು ಹಿತವಲ್ಲ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕನ್ನೂ ಕಾರ್ಬ್ಯುರೇಟರಿನ ಬಟ್ಟಲನ್ನೂ ಬರಿದು ಮಾಡಿಡಬೇಕು. ಇಲ್ಲಿಯೂ, ವಾರಕ್ಕೆರಡು ಸಲವಾದರೂ ತರಕಾರಿಗೆ ಹೋಗಿಬರುವ ಯೆಜ್ಡಿ, ವರುಷಕ್ಕೊಮ್ಮೆ ಪ್ರದರ್ಶನಕ್ಕೆ ಬರುವ ರಾಜದೂತಕ್ಕಿಂತ ಆರೋಗ್ಯವಾಗಿರುತ್ತದೆ.

ಕೊನೆಯದು ಸರ್ಕಾರದ ನಿಯಮ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಆದೇಶದ ಪ್ರಕಾರ, ಮೊದಲ ನೋಂದಣಿಯಾಗಿ ಐವತ್ತು ವರ್ಷ ಕಳೆದ, ಚಾಸಿ ಎಂಜಿನುಗಳಲ್ಲಿ ಗಣನೀಯ ಮಾರ್ಪಾಡಿಲ್ಲದೆ ಮೂಲರೂಪದಲ್ಲಿರುವ ದ್ವಿಚಕ್ರ, ಚತುಶ್ಚಕ್ರ ವಾಹನಗಳಿಗೆ ವಿಂಟೇಜ್ ಪದವಿ ದೊರೆಯುತ್ತದೆ. ರಾಜ್ಯದ ಅಕ್ಷರಗಳ ಮುಂದೆ ವಿ.ಎ. ಎಂಬ ಗುರುತುಳ್ಳ ಸಂಖ್ಯೆ, ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ, ಆಮೇಲಿನ ನವೀಕರಣಕ್ಕೆ 5,000. ಮೈಸೂರಿನ ಮೊದಲ ಜಾವಾಗಳು ಈ ಗಡಿಯನ್ನು ಎಂದೋ ದಾಟಿವೆ. ಮೊದಲ ರೋಡ್‌ಕಿಂಗಿಗೆ ಐವತ್ತು ತುಂಬುವುದು 2028ರಲ್ಲಿ. ಮೊದಲ ರಾಜದೂತಕ್ಕೆ 2033ರಲ್ಲಿ. ಆ ವರ್ಷಗಳು ಹತ್ತಿರವಾದಂತೆ ಎರಡರ ಬೆಲೆಯೂ ಏರುವುದೆಂದು ಮಧ್ಯವರ್ತಿಗಳು ಈಗಲೇ ಹೇಳತೊಡಗಿದ್ದಾರೆ. ಮಧ್ಯವರ್ತಿಗಳು ಇಳಿಯುವುದೆಂದು ಹೇಳಿದುದನ್ನು ಯಾರೂ ಕೇಳಿದಂತಿಲ್ಲ. ಆದರೆ ಆ ಪದವಿ ಪಡೆದ ವಾಹನವನ್ನು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಅಧ್ಯಯನ, ಇಂಧನ ತುಂಬಿಸುವುದು, ದುರಸ್ತಿ ಇವಕ್ಕಲ್ಲದೆ ದಿನದ ಬಳಕೆಗೆ ರಸ್ತೆಗಿಳಿಸಕೂಡದೆಂಬ ನಿರ್ಬಂಧವೂ ಅದೇ ಆದೇಶದಲ್ಲಿದೆ. ರಾಜದೂತದ ಒಡೆಯನಿಗೆ ಇದರಿಂದ ನಷ್ಟವೇನೂ ಇಲ್ಲ. ಮೋಂಡಾ ಮಾರ್ಕೆಟ್ಟಿಗೆ ಚೀಲ ನೇತುಹಾಕಿಕೊಂಡು ಹೋಗಿಬರುವ ಯೆಜ್ಡಿಯವರು ಮಾತ್ರ ಆ ಅರ್ಜಿಗೆ ಸಹಿ ಹಾಕುವ ಮುನ್ನ ಮನೆಯಲ್ಲಿ ಒಮ್ಮೆ ಕೇಳಿ ನೋಡುವುದು ಲೇಸು.